ಮೈಲಿ ಹೌದೋ, ಅಲ್ಲವೋ

ಮೈಲಿ ಬೇನೆಗೆ, ಅಂದರೆ ಸಿಡುಬಿಗೆ, ಒಂದು ಕಾಲವಿತ್ತು. ಬಿಳಿಜೋಳದ ರಾಶಿ ಮುಗಿದು, ಹತ್ತಿ ಬಿಡಿಸಿ, ಹೊಲ ಬರಿದಾಗುವ ಹೊತ್ತಿಗೆ ಅದು ಊರು ಹೊಗುತ್ತಿತ್ತು. ಮಾಘದಲ್ಲಿ ಜೋರಾಗಿ, ಚೈತ್ರ ವೈಶಾಖದಲ್ಲಿ ತುದಿ ಮುಟ್ಟಿ, ಮಿರಗದ ಮಳೆ ಬಿದ್ದ ಮೇಲೆ ತಾನಾಗಿ ಸಪ್ಪಗಾಗುತ್ತಿತ್ತು. ಒಣ ಗಾಳಿಯಲ್ಲಿ ಅದರ ವೈರಾಣು ಹೆಚ್ಚು ಕಾಲ ಬದುಕುತ್ತದೆ ಎಂಬುದು ಒಂದು ಕಾರಣ. ಎರಡನೆಯ ಕಾರಣ ತಿಳಿಯಬೇಕಾದರೆ ಸವದತ್ತಿಯ ಗುಡ್ಡದ ಕಡೆ ನೋಡಬೇಕು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ, ಹೀಗೆ ಎಲ್ಲಮ್ಮನ ದೊಡ್ಡ ಜಾತ್ರೆಗಳೆಲ್ಲ ಮಾರ್ಗಶಿರದಿಂದ ಚೈತ್ರದ ನಡುವೆಯೇ ಬರುತ್ತವೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಚಕ್ಕಡಿಗಳೂ ಕೊಲ್ಲಾಪುರ, ಸಾಂಗಲಿ ಸೀಮೆಯ ಚಕ್ಕಡಿಗಳೂ ಒಂದೇ ಬಯಲಿನಲ್ಲಿ ಕೊರಳು ಬಿಚ್ಚುತ್ತಿದ್ದವು. ಅಲ್ಲಿಯೇ ಅಡುಗೆ, ಅಲ್ಲಿಯೇ ಮಲಗುವುದು, ಜೋಗುಳಬಾವಿಯಲ್ಲಿ ಎಲ್ಲರದೂ ಒಂದೇ ನೀರಿನ ಸ್ನಾನ. ಮದುವೆಗಳೂ ಇದೇ ತಿಂಗಳುಗಳಲ್ಲಿ.

ಮೈಲಿ ಹರಡುತ್ತಿದ್ದುದು ಮುಖಕ್ಕೆ ಮುಖ ಕೊಟ್ಟು ಕೂತಾಗಿನ ಉಸಿರಿನಿಂದ, ಒಮ್ಮೊಮ್ಮೆ ರೋಗಿಯ ಹಾಸಿಗೆ ಬಟ್ಟೆಯಿಂದ. ಮೈಗೆ ಸೇರಿದ ಮೇಲೆ ಹನ್ನೆರಡು ದಿನದಷ್ಟು ಅದು ಸದ್ದು ಮಾಡುತ್ತಿರಲಿಲ್ಲ. ಜಾತ್ರೆ ಮುಗಿಸಿ ಊರಿಗೆ ಮರಳಿ, ಪರಡಿ ತುಂಬಿಸಿ, ಬಂಧುಗಳಿಗೆ ಭಂಡಾರ ಹಂಚಿದ ಎಷ್ಟೋ ದಿನಕ್ಕೆ ಮನೆಯ ಕೂಸಿಗೆ ಜ್ವರ ಬಂದರೆ, ಅದಕ್ಕೂ ಗುಡ್ಡದ ಬಯಲಿನಲ್ಲಿ ಪಕ್ಕದ ಚಕ್ಕಡಿಯ ಕೆಳಗೆ ಕೆಮ್ಮುತ್ತ ಮಲಗಿದ್ದವನಿಗೂ ಯಾರು ನಂಟು ಕಟ್ಟಿಯಾರು?

ಹಾಗಾದರೆ ಆ ಕೂಸಿಗೆ ಬಂದದ್ದು ಮೈಲಿಯೇ ಎಂದು ಗೊತ್ತಾಗುತ್ತಿದ್ದುದು ಹೇಗೆ? ನಮ್ಮ ಭಾಗದಲ್ಲಿ ಸಿಡುಬಿನ ಚರಿತ್ರೆ ಎಂದರೆ ಲಸಿಕೆಯ ಚರಿತ್ರೆಯನ್ನೇ ಹೇಳುವುದು ರೂಢಿ. ರೋಗವನ್ನು ಗುರುತು ಹಿಡಿದವರ ಕಥೆ ಅದರ ಹಿಂದೆ ಮರೆಯಾಗಿದೆ, ಮತ್ತು ಆ ಕಥೆಯ ಬಹುಪಾಲಿನಲ್ಲಿ ಪ್ರಯೋಗಾಲಯವೇ ಇಲ್ಲ.

ಮೊದಲು ಗುರುತು ಹಿಡಿಯುತ್ತಿದ್ದವಳು ಮನೆಯ ಮುದುಕಿ. ಮೂರು ನಾಲ್ಕು ದಿನ ಸುಡುವ ಜ್ವರ, ತಲೆ ಸಿಡಿತ, ಸೊಂಟ ಮುರಿದಂಥ ನೋವು. ಆಮೇಲೆ ಜ್ವರ ತುಸು ಇಳಿದು, ಬಾಯೊಳಗೆ ಮತ್ತು ಹಣೆಯ ಮೇಲೆ ಕೆಂಪು ಚುಕ್ಕೆ. ಚುಕ್ಕೆ ಗುಳ್ಳೆಯಾಗಿ, ಗುಳ್ಳೆ ಕೀವು ತುಂಬಿ, ಸುಮಾರು ಎರಡು ವಾರಕ್ಕೆ ಹಕ್ಕಳೆ ಕಟ್ಟುತ್ತಿತ್ತು. ಮುಖ, ಮುಂಗೈ, ಮೊಳಕಾಲಿನ ಕೆಳಗೆ ದಟ್ಟ. ಹೊಟ್ಟೆ, ಎದೆಯ ಮೇಲೆ ವಿರಳ. ಅಂಗೈ ಅಂಗಾಲಿನಲ್ಲೂ ಗುಳ್ಳೆ. ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿ ಇರುತ್ತಿದ್ದವು, ಬೆರಳಿನಿಂದ ಒತ್ತಿದರೆ ಚರ್ಮದ ಆಳದಲ್ಲಿ ಕಾಳಿನಂತೆ ಗಟ್ಟಿಯಾಗಿ ತಾಗುತ್ತಿದ್ದವು. ಸೀತಾಳೆ ಸಿಡುಬು ಇದರ ತಿರುವುಮುರುವು. ಅದು ಹೊಟ್ಟೆ ಬೆನ್ನಿನ ಮೇಲೆ ದಟ್ಟ, ತುರಿಕೆ ಹೆಚ್ಚು, ಮೇಲುಮೇಲಿನ ನೀರುಗುಳ್ಳೆ. ಇವತ್ತಿನ ಚುಕ್ಕೆ, ನಿನ್ನೆಯ ಗುಳ್ಳೆ, ಮೊನ್ನೆಯ ಹಕ್ಕಳೆ ಒಂದರ ಪಕ್ಕ ಒಂದು ಕಾಣುತ್ತವೆ. ಗೊಬ್ಬರವೆಂದು ಕರೆಯುವ ದಡಾರದಲ್ಲಂತೂ ಗುಳ್ಳೆಯೇ ಇಲ್ಲ. ಇಂಥ ವ್ಯತ್ಯಾಸಗಳನ್ನು ಬರಹಕ್ಕೆ ಇಳಿಸಿದವರಲ್ಲಿ ಹತ್ತನೆಯ ಶತಮಾನದ ಅಲ್-ರಾಜಿ ಪ್ರಸಿದ್ಧ. ಅವನು ಸಿಡುಬನ್ನೂ ದಡಾರವನ್ನೂ ಬೇರ್ಪಡಿಸಿ ಬರೆದ. ಯುರೋಪಿನ ವೈದ್ಯರಿಗೆ ಸೀತಾಳೆಯೇ ಬೇರೆ, ಸಿಡುಬೇ ಬೇರೆ ಎಂದು ವಿಲಿಯಂ ಹೆಬರ್ಡನ್ ಸ್ಪಷ್ಟ ಮಾಡಿದ್ದು 1767ರಲ್ಲಿ. ಮಕ್ಕಳನ್ನು ಹೆತ್ತು, ಸಾಕಿ, ಕೆಲವನ್ನು ಮಣ್ಣಿಗೆ ಕೊಟ್ಟ ಅಜ್ಜಿಯರಿಗೆ ಈ ಗ್ರಂಥಗಳು ಬೇಕಿರಲಿಲ್ಲ.

ಗುರುತು ಸಿಕ್ಕ ಕೂಡಲೇ ಮನೆ ಬದಲಾಗುತ್ತಿತ್ತು. ಬಾಗಿಲಿಗೆ ಬೇವಿನ ತಪ್ಪಲು, ಒಲೆಯ ಮೇಲೆ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ತಂಪಿನ ಊಟ, ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಬಂದವಳು ದೇವಿ, ಆಕೆಗೆ ಸಿಟ್ಟು ಬರುವಂತೆ ನಡೆಯಬಾರದು. ಇದನ್ನೆಲ್ಲ ಮೌಢ್ಯವೆಂದು ತಳ್ಳಿಹಾಕುವ ಅವಸರ ನನಗಿಲ್ಲ. ಹೊರಗಿನವರನ್ನು ತಡೆಯುವ ಕಟ್ಟಳೆ ಪ್ರತ್ಯೇಕವಾಸದ ಕೆಲಸವನ್ನೇ ಮಾಡಿದೆ. ಕೇಡಾದದ್ದು ಬೇರೆ ಕಡೆ. ದೇವಿ ಬಂದದ್ದನ್ನು ಬಾಯಿಬಿಟ್ಟು ಹೇಳಬಾರದು ಎಂಬ ಅಂಜಿಕೆಯಿಂದ ಸುದ್ದಿ ಓಣಿ ದಾಟುತ್ತಿರಲಿಲ್ಲ, ಹರಕೆ ತೀರಿಸಲು ಹಕ್ಕಳೆ ಉದುರುವ ಮೊದಲೇ ಕೂಸನ್ನು ಎತ್ತಿಕೊಂಡು ಗುಡಿಗೆ ಹೋದರೆ ಬೇನೆಯೂ ಜೊತೆಗೆ ಹೋಗುತ್ತಿತ್ತು.

ಎರಡನೆಯ ಗುರುತುಗಾರ ಸರಕಾರದವನು, ಆದರೆ ವೈದ್ಯನಲ್ಲ. ಮುಂಬಯಿ ಆಧಿಪತ್ಯದ ಹಳ್ಳಿಗಳಲ್ಲಿ ಜನನ ಮರಣದ ಲೆಕ್ಕ ಇಡುತ್ತಿದ್ದವರು ಪಾಟೀಲ ಕುಲಕರ್ಣಿಯರು. ಸತ್ತವರ ಕಾರಣ ಬರೆಯಲು ಅವರಿಗೆ ಕೆಲವೇ ಕಲಮುಗಳು: ಕಾಲರಾ, ಸಿಡುಬು, ಜ್ವರ, ಹೊಟ್ಟೆಬೇನೆ, ಗಾಯ, ಇತರೆ. ಹೊಲದ ಪಹಣಿ ಬರೆದ ಕೈಯೇ ಸಾವಿನ ಕಾರಣವನ್ನೂ ಬರೆಯಿತು. ಆರೋಗ್ಯ ಕಮಿಷನರರ ವರದಿಗಳಲ್ಲಿ ಬರುವ ಸಿಡುಬಿನ ಅಂಕಿಗಳೆಲ್ಲ ಕೊನೆಗೆ ನಿಂತಿದ್ದು ಈ ದಫ್ತರಿನ ಮೇಲೆ. ಮುಖದ ತುಂಬ ಗುಳ್ಳೆ ಎದ್ದು ಸತ್ತವರ ವಿಷಯದಲ್ಲಿ ಕುಲಕರ್ಣಿ ತಪ್ಪಿರಲಾರ. ತಪ್ಪುತ್ತಿದ್ದುದು ಅತಿ ಕೆಟ್ಟ ಬಗೆಯ ಮೈಲಿಯಲ್ಲಿ. ರಕ್ತಸ್ರಾವದ ಮೈಲಿಯಲ್ಲಿ ಗುಳ್ಳೆ ಏಳುವ ಮೊದಲೇ ಚರ್ಮದಡಿ ರಕ್ತ ಇಳಿದು ರೋಗಿ ಸಾಯುತ್ತಿದ್ದ, ಬಸುರಿಯರಿಗೆ ಅದರ ಕಾಟ ಹೆಚ್ಚು. ಅಂಥ ಸಾವು ಜ್ವರದ ಕಲಮಿಗೆ ಸೇರಿದರೆ ಆಶ್ಚರ್ಯವೇನಿಲ್ಲ. ಆ ಕಾಲದ ವರದಿಗಳಲ್ಲಿ ಜ್ವರದ ಕಲಮು ಯಾವಾಗಲೂ ಉಬ್ಬಿಕೊಂಡಿರುವುದನ್ನು ನೋಡಿದಾಗ, ಅದರೊಳಗೆ ಏನೇನು ಅಡಗಿದೆಯೋ ಅನಿಸುತ್ತದೆ.

ಈ ಬಗೆಗಳನ್ನು ಲೆಕ್ಕ ಹಾಕಿ ತೋರಿಸಿದವರು ಮದರಾಸಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಡಾ. ಎ. ಆರ್. ರಾವ್. 1960ರ ದಶಕದಲ್ಲಿ ಅವರು ದಾಖಲಿಸಿದ 6,942 ರೋಗಿಗಳ ವಿವರ 1972ರಲ್ಲಿ ಪುಸ್ತಕವಾಯಿತು. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 35.5 ಮಂದಿ ಸತ್ತಿದ್ದರು. ಎಂದೋ ಒಮ್ಮೆ ಲಸಿಕೆ ಹಾಕಿಸಿಕೊಂಡಿದ್ದವರಲ್ಲಿ 6.3. ಗುಳ್ಳೆ ಉಬ್ಬದೆ ಚಪ್ಪಟೆಯಾಗಿ ಉಳಿಯುವ ಬಗೆಯಲ್ಲೂ ರಕ್ತಸ್ರಾವದ ಬಗೆಯಲ್ಲೂ ಲಸಿಕೆ ಇಲ್ಲದವರು ಬದುಕಿದ್ದು ಅಪರೂಪ. ಜಗತ್ತಿನ ವೈದ್ಯರು ಸಿಡುಬನ್ನು ವಿಂಗಡಿಸಲು ಈಗಲೂ ಬಳಸುವುದು ರಾವ್ ಅವರ ವರ್ಗೀಕರಣವನ್ನೇ. ಅದನ್ನು ಅವರು ಕಟ್ಟಿದ್ದು ರೋಗಿಯ ಹಾಸಿಗೆಯ ಪಕ್ಕ ನಿಂತು, ಕಣ್ಣಿನಿಂದ ನೋಡಿ.

ಲಸಿಕೆ ಈ ಸೀಮೆಗೆ ಬಂದ ಬಗೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಮೂರನೆಯ ಗುರುತುಗಾರ ಅದರ ಜೊತೆಗೇ ಬಂದ. ಬಾಗ್ದಾದ್, ಬಸ್ರಾ ದಾಟಿ ಬಂದ ಲಸಿಕೆಯನ್ನು ಭಾರತದಲ್ಲಿ ಮೊದಲು ಹಾಕಿದ್ದು ಮುಂಬಯಿಯಲ್ಲಿ, 1802ರ ಜೂನ್ 14ರಂದು, ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಪೇಶ್ವೆಯ ರಾಜ್ಯ ಹೋಗಿ 1818ರಲ್ಲಿ ನಮ್ಮ ಭಾಗ ಕಂಪನಿಯ ಕೈಗೆ ಬಂತು. ಆರು ವರ್ಷಕ್ಕೆ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ, ಮರುಯುದ್ಧದಲ್ಲಿ ಕೋಟೆಯೂ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ದತ್ತಕ ಒಪ್ಪದೆ ಕಿತ್ತೂರು ಸಂಸ್ಥಾನವನ್ನು ನುಂಗಿದ ಸರಕಾರದ ಆಳು ಮನೆಬಾಗಿಲಿಗೆ ಬಂದು ಕೂಸಿನ ತೋಳು ಕೊಡು ಎಂದರೆ ಈ ಊರುಗಳ ತಾಯಂದಿರು ಹಿಂಜರಿದಿದ್ದಕ್ಕೆ ಬರೀ ದೇವಿಯ ಭಯವೇ ಕಾರಣ ಎಂದು ನಾನು ಒಪ್ಪಲಾರೆ. ರಾಮದುರ್ಗದ ಕಥೆ ಇನ್ನೂ ತೊಡಕಿನದು. ಅದು 1948ರವರೆಗೂ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಪಕ್ಕದ ಪರಸಗಡ ತಾಲ್ಲೂಕಿನಲ್ಲಿ, ಅಂದರೆ ಸವದತ್ತಿಯಲ್ಲಿ, ಮುಂಬಯಿ ಸರಕಾರದ ಆಡಳಿತ. ಮಲಪ್ರಭೆಯ ದಂಡೆಯ ಊರುಗಳ ನಡುವೆ ಸರಹದ್ದು ಕಾಗದದ ಮೇಲಿತ್ತು, ಮೈಲಿಗೆ ಅದು ಕಾಣುತ್ತಿರಲಿಲ್ಲ.

ಮೊದಮೊದಲ ಲಸಿಕೆ ತೋಳಿನಿಂದ ತೋಳಿಗೆ. ಒಂದು ಮಗುವಿಗೆ ಹಾಕಿ, ಎಂಟನೆಯ ದಿನದ ಸುಮಾರಿಗೆ ಗುಳ್ಳೆ ಹದವಾದಾಗ ಅದರ ರಸ ತೆಗೆದು ಇನ್ನೊಂದು ಮಗುವಿಗೆ. ಹಾಗಾಗಿ ಮೈಲಿ ಹಾಕುವವರು, ಅಂದರೆ ಲಸಿಕೆ ಹಾಕುವ ಆಳುಗಳು, ಊರಿಂದೂರಿಗೆ ಹೋಗುವಾಗ ಗುಳ್ಳೆ ಎದ್ದ ಮಗುವನ್ನೂ ಅದರ ತಾಯಿಯನ್ನೂ ಕರೆದೊಯ್ಯಬೇಕಿತ್ತು. ಯಾರ ಮಗು, ಯಾವ ಜಾತಿ ಎಂಬ ಪ್ರಶ್ನೆ ಮೊದಲು ಏಳುತ್ತಿತ್ತು, ತೋಳು ಆಮೇಲೆ. ಎಂಟನೆಯ ದಿನ ಮರಳಿ ಬಂದು ಗುಳ್ಳೆ ಎದ್ದಿದೆಯೇ ನೋಡುವುದು ಈ ಕೆಲಸದ ಮುಖ್ಯ ಭಾಗ. ಎದ್ದ ಗುಳ್ಳೆಯೇ ರಸ ಜೀವಂತ ಇತ್ತು ಎಂಬುದಕ್ಕೆ ಸಾಕ್ಷಿ. ಬೇರೆ ಯಾವ ಪರೀಕ್ಷೆಯೂ ಇಲ್ಲದ ಕಾಲದಲ್ಲಿ ಮಗುವಿನ ತೋಳೇ ಪರೀಕ್ಷೆಯ ತಟ್ಟೆ. ನಿಜವಾದ ಗುಳ್ಳೆಗೂ ಬರಿಯ ಕೀವಿಗೂ ಇರುವ ಅಂತರ ತಿಳಿದ ಈ ಆಳುಗಳೇ ಊರಲ್ಲಿ ಎದ್ದದ್ದು ಮೈಲಿ ಹೌದೋ ಅಲ್ಲವೋ ಎಂದೂ ಹೇಳುತ್ತಿದ್ದರು. ತೋಳಿನ ಕಲೆ ನೋಡಿ, ಮುಖದ ಕುಳಿ ನೋಡಿ, ಯಾರಿಗೆ ಬಂದುಹೋಗಿದೆ, ಯಾರಿಗೆ ಇನ್ನೂ ಬರಬಹುದು ಎಂದು ಓಣಿಯ ಲೆಕ್ಕ ಹಿಡಿಯುತ್ತಿದ್ದರು.

ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯ ಬದಲು ಕರುವಿನಿಂದ ರಸ ತೆಗೆಯುವ ಕ್ರಮವನ್ನು ಮುಂಬಯಿಯಲ್ಲಿ 1869ರಲ್ಲಿ ನೆಲೆಗೊಳಿಸಿದವರು ಡಾ. ಅನಂತ ಚಂದ್ರೋಬಾ ದುಕ್ಲೆ. ಮೈಸೂರು ಸಂಸ್ಥಾನವೂ ಬೆಂಗಳೂರಿನಲ್ಲಿ ತನ್ನದೇ ಲಸಿಕೆ ಸಂಸ್ಥೆ ಇಟ್ಟುಕೊಂಡಿತ್ತು. ಈಳವ ಎಂಬ ಒಂದೇ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರಕಾರಿ ನೌಕರಿ ಸಿಗದ ಡಾ. ಪಲ್ಪು ಅದನ್ನು ನೋಡಿಕೊಂಡರು. ಮುಂಬಯಿ ಆಧಿಪತ್ಯದ ದೊಡ್ಡ ಲಸಿಕೆ ಕೇಂದ್ರ ಬಂದದ್ದು ಬೆಳಗಾವಿಗೆ, 1904ರ ಸುಮಾರಿಗೆ. ಇಂದು ಟಿಳಕವಾಡಿಯಲ್ಲಿ ಜನ ಬೆಳಗಿನ ವಾಕಿಂಗ್‌ಗೆ ಹೋಗುವ, ಸಭೆ ಸಮಾರಂಭ ನಡೆಸುವ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಆ ಹೆಸರು ಬಂದದ್ದು ಅದರಿಂದ. ಅಲ್ಲಿನ ತಂಪು ಹವೆ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಕೆಲಸ ನಡೆಯುತ್ತಿದ್ದ ಬಗೆ ಇದು. ರೋಗವಿಲ್ಲದ ಕರುವನ್ನು ಆರಿಸಿ, ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಚರ್ಮದ ಮೇಲೆ ಸಾಲುಸಾಲಾಗಿ ತೆಳುವಾಗಿ ಗೀರಿ, ಬೀಜದ ಲಸಿಕೆಯನ್ನು ಉಜ್ಜುವುದು. ಐದು ದಿನದ ಹೊತ್ತಿಗೆ ಗೀರುಗಳುದ್ದಕ್ಕೂ ಗುಳ್ಳೆ ಎದ್ದಿರುತ್ತಿತ್ತು. ಅದನ್ನು ಚೂಪು ಚಮಚದಿಂದ ಹೆರೆದು, ಅರೆದು, ಗ್ಲಿಸರಿನ್ ಬೆರೆಸಿ ತಣ್ಣಗೆ ಇಡುವುದು. ಗ್ಲಿಸರಿನ್ ಬೇಡದ ಬ್ಯಾಕ್ಟೀರಿಯಾ ಕೊಂದು ಲಸಿಕೆಯ ವೈರಾಣುವನ್ನು ಉಳಿಸುತ್ತದೆ ಎಂದು ಲಂಡನ್ನಿನ ಮಾಂಕ್ಟನ್ ಕೋಪ್‌ಮನ್ 1891ರಲ್ಲಿ ತೋರಿಸಿದ್ದರು. ಭಾರತದ ಇಂಥ ಕೇಂದ್ರಗಳಲ್ಲಿ ಎಮ್ಮೆಯ ಕರುಗಳ ಬಳಕೆ ಹೆಚ್ಚು. ಕೊನೆಯಲ್ಲಿ ಈ ಮಾತಿಗೆ ಮರಳಬೇಕಾಗುತ್ತದೆ. ಗಾಜಿನ ನಳಿಕೆಗಳಲ್ಲಿ ತುಂಬಿದ ರಸ ಟಪಾಲಿನಲ್ಲಿ ಹೊರಡುತ್ತಿತ್ತು. ಬೈಲಹೊಂಗಲಕ್ಕಾಗಲಿ, ಸವದತ್ತಿ, ರಾಮದುರ್ಗಕ್ಕಾಗಲಿ ರೈಲು ಇರಲಿಲ್ಲ. ಚಕ್ಕಡಿಯಲ್ಲೋ ಕಾಲುನಡಿಗೆಯ ಟಪಾಲಿನವನ ಚೀಲದಲ್ಲೋ ಏಪ್ರಿಲ್ ತಿಂಗಳ ಬಿಸಿಲು ತಿಂದು ಹೋದ ರಸ ದಾರಿಯಲ್ಲೇ ಸತ್ತಿರುತ್ತಿತ್ತು. ಸತ್ತ ರಸ ಹಾಕಿಸಿಕೊಂಡ ಮಗುವಿಗೆ ಮುಂದೆ ಮೈಲಿ ಬಂದರೆ ಜನ ಏನು ತೀರ್ಮಾನಿಸಬೇಕು? ಮೈಲಿ ಹಾಕಿಸಿದ್ದರಿಂದಲೇ ಬಂತು ಎಂದರು. ಕಣ್ಣೆದುರಿನ ಪುರಾವೆ ಹಾಗೆಯೇ ಇತ್ತು.

ಹೀಗೆ ಬೆಳಗಾವಿಯಲ್ಲಿ ಸಿಡುಬಿನ ಪ್ರಯೋಗಾಲಯ ಇತ್ತು, ಆದರೆ ಅದು ಲಸಿಕೆ ತಯಾರಿಸುವ ಮನೆ. ರೋಗ ಪತ್ತೆಯ ವಿದ್ಯೆ ದೂರದೂರದಲ್ಲಿ ಬೆಳೆಯುತ್ತಿತ್ತು. ಎಡಿನ್‌ಬರೋದ ಜಾನ್ ಬ್ಯೂಯಿಸ್ಟ್ 1886ರಲ್ಲಿ ಲಸಿಕೆಯ ರಸಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೊನೆಯ ಮಿತಿಯಲ್ಲಿ ಸಣ್ಣ ಚುಕ್ಕೆಗಳನ್ನು ಕಂಡರು. ಅವೇ ವೈರಾಣುಗಳು ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಅವರಿಗೂ ಕೂಡ. ಇಟಲಿಯ ಗ್ವಾರ್ನಿಯೇರಿ 1892ರಲ್ಲಿ ರೋಗ ಹತ್ತಿದ ಜೀವಕೋಶದೊಳಗಿನ ಗಂಟುಗಳನ್ನು ವಿವರಿಸಿದರು. ಹ್ಯಾಂಬರ್ಗ್‌ನ ಎನ್ರಿಕ್ ಪ್ಯಾಶೆನ್ 1906ರಲ್ಲಿ ಬ್ಯೂಯಿಸ್ಟ್ ಕಂಡ ಚುಕ್ಕೆಗಳನ್ನೇ ಮತ್ತೆ ಕಂಡು ಅವೇ ರೋಗದ ಬೀಜ ಎಂದರು. ವಿಯೆನ್ನಾದ ಗುಸ್ತಾವ್ ಪಾಲ್ ಅವರದು ಮೊಲದ ಕಣ್ಣಿನ ಪರೀಕ್ಷೆ: ಗುಳ್ಳೆಯ ರಸವನ್ನು ಗೀರಿದ ಕಣ್ಣಿಗೆ ಹಾಕಿ ಎರಡು ದಿನ ಬಿಟ್ಟು ನೋಡಿದರೆ, ಸಿಡುಬಾಗಿದ್ದರೆ ಬಿಳಿ ಚುಕ್ಕೆಗಳು ಏಳುತ್ತಿದ್ದವು. ಯುರೋಪಿನಲ್ಲಿ ಇದಕ್ಕೆ ಬೆಲೆ ಇತ್ತು. ಅಲ್ಲಿ ಸಿಡುಬು ಅಪರೂಪವಾಗಿತ್ತು, ಹಡಗಿನಿಂದ ಇಳಿದ ಒಬ್ಬನಿಗೆ ಗುಳ್ಳೆ ಕಂಡರೆ ಊರೇ ಗಾಬರಿಯಾಗುತ್ತಿತ್ತು. ಬೇನೆ ಬೇಸಿಗೆಯಷ್ಟೇ ಖಾತ್ರಿಯಾಗಿದ್ದ ರಾಮದುರ್ಗದಲ್ಲಿ ಮೊಲ ಸಾಕಿ ಯಾರು ಕೂಡಬೇಕು? ಉತ್ತರ ಬರುವುದರೊಳಗೆ ಮಣ್ಣೋ, ಮೈಮೇಲಿನ ಕಲೆಯೋ ಉತ್ತರ ಕೊಟ್ಟಾಗಿರುತ್ತಿತ್ತು.

ಕೋಳಿಮೊಟ್ಟೆ ಬಂದಮೇಲೆ ಈ ವಿದ್ಯೆಗೆ ಬಲ ಬಂತು. ಅಮೆರಿಕದ ಅರ್ನೆಸ್ಟ್ ಗುಡ್‌ಪಾಶ್ಚರ್ ಮತ್ತು ಸಂಗಡಿಗರು 1930ರ ದಶಕದ ಆರಂಭದಲ್ಲಿ, ಮರಿ ಬೆಳೆಯುತ್ತಿರುವ ಮೊಟ್ಟೆಯ ಒಳಪೊರೆಯ ಮೇಲೆ ಸಿಡುಬು ಜಾತಿಯ ವೈರಾಣುಗಳನ್ನು ಬೆಳೆಸಿ ತೋರಿಸಿದರು. ಹಕ್ಕಳೆಯನ್ನು ಅರೆದು, ಚಿಪ್ಪಿಗೆ ತೂತು ಮಾಡಿ, ಪೊರೆಯ ಮೇಲೆ ಹನಿ ಬಿಟ್ಟು, ಮೂರು ದಿನ ಕಾವು ಕೊಟ್ಟು ತೆರೆದರೆ ಪೊರೆಯ ಮೇಲೆ ಗುಳ್ಳೆ. ಸಿಡುಬಿನದಾದರೆ ಸಣ್ಣ, ಬಿಳಿ, ಗುಮ್ಮಟದಂಥವು. ಲಸಿಕೆಯ ವೈರಾಣುವಿನದಾದರೆ ದೊಡ್ಡವು, ಚಪ್ಪಟೆ, ನಡುವೆ ಹುಣ್ಣಾದವು. ಸೀತಾಳೆಯದು ಈ ಪೊರೆಯ ಮೇಲೆ ಬೆಳೆಯುವುದೇ ಇಲ್ಲ. ಪೊರೆಯ ಮೇಲಿನ ಗುಳ್ಳೆಗಳನ್ನು ಎಣಿಸಿದರೆ ಲಸಿಕೆಯ ಬಲವೂ ತಿಳಿಯುತ್ತದೆ. ಹೀಗೆ ಒಂದೇ ಮೊಟ್ಟೆ ಎರಡು ಕೆಲಸಕ್ಕೆ ಬಂತು: ರೋಗ ಯಾವುದು, ಲಸಿಕೆ ಜೀವಂತವೇ. ಮಗುವಿನ ತೋಳು ಮಾಡುತ್ತಿದ್ದ ಕೆಲಸವನ್ನು ಕೊನೆಗೂ ಅದು ವಹಿಸಿಕೊಂಡಿತು.

1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ಲಸಿಕೆ ಸಂಸ್ಥೆಯೂ ಬಂತು. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ಬಿಸಿಲಿನ ಸಮಸ್ಯೆ ಹಾಗೆಯೇ ಇತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ 1950ರ ದಶಕದಲ್ಲಿ ರೂಪಿಸಿದ್ದ ಘನೀಕರಿಸಿ ಒಣಗಿಸುವ ವಿಧಾನ ಅದಕ್ಕೆ ಮದ್ದಾಯಿತು. ಒಣಪುಡಿಯ ಲಸಿಕೆ ನಮ್ಮ ಬೇಸಿಗೆಯನ್ನೂ ವಾರಗಟ್ಟಲೆ ತಡೆಯುತ್ತಿತ್ತು. ಮೊದಲು ಸೋವಿಯತ್ ಒಕ್ಕೂಟ ಅದನ್ನು ಕೋಟಿಗಟ್ಟಲೆ ದಾನವಾಗಿ ಕೊಟ್ಟಿತು. ಆಮೇಲೆ ದೇಶದಲ್ಲೇ ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ, ಪಟವಾಡಾಂಗರ್, ಗಿಂಡಿ, ಹೈದರಾಬಾದುಗಳ ಜೊತೆಗೆ ಬೆಳಗಾವಿಯೂ ಒಂದು. ಆ ಕಾಲದಲ್ಲಿ ತೋಳಿಗೆ ಒತ್ತಿ ತಿರುಗಿಸುತ್ತಿದ್ದ ಚಕ್ರದ ಲ್ಯಾನ್ಸೆಟ್‌ನ ದುಂಡು ಕಲೆಗಳು ನಮ್ಮ ಹಿರಿಯರ ತೋಳಿನಲ್ಲಿ ಇನ್ನೂ ಇವೆ. ಕವಲು ಮೊನೆಯ ಸಣ್ಣ ಸೂಜಿ ಆಮೇಲೆ ಬಂದದ್ದು.

ರಾಜ್ಯದೊಳಗೆ 1970ರ ದಶಕದ ಆರಂಭದಲ್ಲಿ ಗುಲ್ಬರ್ಗಾ ಕಡೆ ದೊಡ್ಡ ಹಾವಳಿ ಎದ್ದಿತು. ಎಲ್ಲರಿಗೂ ಲಸಿಕೆ ಹಾಕುತ್ತ ಕೂಡುವ ಬದಲು ರೋಗಿಯನ್ನು ಹುಡುಕಿ, ಅವನ ಸುತ್ತಲಿನವರಿಗೆ ಲಸಿಕೆ ಹಾಕಿ ಬೇಲಿ ಕಟ್ಟುವ ಕ್ರಮದಿಂದ ಅದು ಅಡಗಿತು. ಈ ಕ್ರಮಕ್ಕೆ ಮೊದಲು ಬೇಕಾದದ್ದು ಗುರುತು. ಆದ್ದರಿಂದ ಆರೋಗ್ಯ ಸಿಬ್ಬಂದಿ ಗುಳ್ಳೆ ಎದ್ದ ಮಗುವಿನ ಬಣ್ಣದ ಚಿತ್ರದ ಕಾರ್ಡು ಹಿಡಿದು ಮನೆಮನೆ, ಶಾಲೆ, ಸಂತೆ ತಿರುಗಿದರು. ಇಂಥದ್ದು ಎಲ್ಲಿಯಾದರೂ ನೋಡೀರೇನು ಎಂಬ ಒಂದೇ ಪ್ರಶ್ನೆ. ಶಾಲೆಯ ಹುಡುಗರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರಂತೆ. ಹಿರಿಯರು ದೇವಿಗೆ ಅಂಜುತ್ತಿದ್ದರು. ಮೊದಲ ಸುದ್ದಿ ತಂದವರಿಗೆ ಇನಾಮು ಇಟ್ಟರು: ಮೊದಲು ಐವತ್ತು, ಆಮೇಲೆ ನೂರು, 1975ರಲ್ಲಿ ಸಾವಿರ ರೂಪಾಯಿ. ಆಗಿನ ಸಾವಿರ ಎಂದರೆ ಕೂಲಿಯವನ ಎಷ್ಟೋ ತಿಂಗಳ ದುಡಿಮೆ. ಬಚ್ಚಿಡುವ ಅಂಜಿಕೆಯನ್ನು ಹಣ ಸಡಿಲಿಸಿತು. ಇದನ್ನು ಬರೆಯುವಾಗ ಮುಜುಗರಪಡುವವರಿದ್ದಾರೆ, ನನಗೇನೂ ಇಲ್ಲ.

1974ರಲ್ಲಿ ದೇಶದಲ್ಲಿ 1,88,003 ಮಂದಿಗೆ ಸಿಡುಬು ಬಂದಿತ್ತು, ಬಹುಪಾಲು ಬಿಹಾರದಲ್ಲಿ. ಮರುವರ್ಷ ಮೇ ತಿಂಗಳಲ್ಲಿ ದೇಶದೊಳಗೇ ಹಬ್ಬಿದ ಕೊನೆಯ ಪ್ರಕರಣ ಬಿಹಾರದ ಕಟಿಹಾರ್ ಜಿಲ್ಲೆಯಲ್ಲಿ ಕಂಡಿತು. ಅದೇ ತಿಂಗಳ 24ರಂದು ಬಾಂಗ್ಲಾದೇಶದಿಂದ ಬಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಮಲಗಿದ್ದ ಬಡ ಹೆಂಗಸಿನ ಮೈಮೇಲೆ ಭಾರತದ ಕಟ್ಟಕಡೆಯ ಸಿಡುಬು ಸಿಕ್ಕಿತು. ಅಲ್ಲಿಂದ ಮುಂದೆ ಮಾತು ತಿರುಗಿತು. ಮೈಲಿ ಇದ್ದಾಗ ಅದನ್ನು ಗುರುತಿಸಲು ಅಜ್ಜಿಯ ಕಣ್ಣು ಸಾಕಾಗಿತ್ತು. ಮೈಲಿ ಇಲ್ಲ ಎಂದು ಸಾಧಿಸಲು ಯಾರ ಕಣ್ಣೂ ಸಾಲದು. ಬೈಲಹೊಂಗಲದ ಓಣಿಯಲ್ಲಿ ದೊಡ್ಡವರೊಬ್ಬರಿಗೆ ಜೋರು ಸೀತಾಳೆ ಎದ್ದು ಮುಖ ತುಂಬಿದರೆ, ಅದು ಸೀತಾಳೆಯೇ ಎಂದು ಪಣ ತೊಟ್ಟು ಹೇಳುವವರು ಯಾರು? ಒಂದು ತಪ್ಪು ನಿರ್ಣಯ ಸಾಕು, ಸಿಡುಬು ಹೋಯಿತೇ ಎಂದು ತೀರ್ಮಾನಿಸುವ ಅಂತರರಾಷ್ಟ್ರೀಯ ಆಯೋಗದ ಮುಂದೆ ದೇಶದ ಮಾತು ಬೀಳುತ್ತಿತ್ತು. ಆಗ ಪ್ರಯೋಗಾಲಯಕ್ಕೆ ಕರೆ ಬಂತು.

ಮಾದರಿ ತೆಗೆಯುವುದು ತಾಲ್ಲೂಕಿನ ಸಿಬ್ಬಂದಿಗೂ ಸಾಧ್ಯವಾಗುವಷ್ಟು ಸರಳವಾಗಿತ್ತು. ನಾಲ್ಕಾರು ಹಕ್ಕಳೆಗಳನ್ನು ಸೂಜಿಯ ಮೊನೆಯಿಂದ ಎಬ್ಬಿಸಿ, ಬಿರಡೆಯ ಸೀಸೆಗೆ ಹಾಕಿ, ಅದನ್ನು ಇನ್ನೊಂದು ಗಟ್ಟಿ ಡಬ್ಬಿಯೊಳಗೆ ಇಟ್ಟು, ಚೀಟಿ ಬರೆದು ಕಳಿಸಿದರಾಯಿತು. ಹಕ್ಕಳೆಯೊಳಗಿನ ವೈರಾಣು ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ, ಮಂಜುಗಡ್ಡೆ ಬೇಡ. ಲಸಿಕೆಯನ್ನು ಕಾಡಿದ ಬಿಸಿಲು ರೋಗದ ಮಾದರಿಯನ್ನು ಮುಟ್ಟಲಿಲ್ಲ! ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಆಗ ಇಂಥ ಮಾದರಿಗಳಿಗೆ ದೇಶದ ಮುಖ್ಯ ಠಾಣೆಯಾಗಿತ್ತು. ಅದರಾಚೆ ವಿಶ್ವ ಆರೋಗ್ಯ ಸಂಸ್ಥೆ ನಂಬಿದ್ದು ಎರಡು ಮನೆಗಳನ್ನು: ಅಟ್ಲಾಂಟಾದಲ್ಲಿ ಜೇಮ್ಸ್ ನಕಾನೊ, ಮಾಸ್ಕೋದಲ್ಲಿ ಸ್ವೆತ್ಲಾನಾ ಮರೆನ್ನಿಕೋವಾ.

ಅಲ್ಲಿ ಪರೀಕ್ಷೆಗಳು ಒಂದರ ಮೇಲೊಂದು ನಡೆಯುತ್ತಿದ್ದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಗಂಟೆಗಳಲ್ಲೇ ಉತ್ತರ ಕೊಡುತ್ತದೆ. ಸಿಡುಬು ಜಾತಿಯ ವೈರಾಣು ಇಟ್ಟಿಗೆಯ ಆಕಾರದ್ದು, ಉದ್ದ ಒಂದು ಮಿಲಿಮೀಟರಿನ ಮೂರು ಸಾವಿರ ಪಾಲುಗಳಲ್ಲಿ ಒಂದರಷ್ಟು. ಸೀತಾಳೆಯದು ಹರ್ಪಿಸ್ ಕುಲದ್ದು, ದುಂಡಗೆ, ಸಡಿಲ ಹೊದಿಕೆಯೊಂದಿಗೆ. ದುಂಡಗಿದ್ದರೆ ಎಲ್ಲರೂ ಉಸಿರು ಬಿಡಬಹುದು. ಇಟ್ಟಿಗೆ ಕಂಡರೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಈ ಕಣ್ಣಿಗೆ ಸಿಡುಬೂ ಲಸಿಕೆಯ ವೈರಾಣುವೂ ಒಂದೇ ತೆರ ಕಾಣುತ್ತವೆ. ಲಸಿಕೆಯ ಗುಳ್ಳೆಯೇ ಮೈಗೆ ಹಬ್ಬಿದ ಮಗುವಿನ ಮಾದರಿಯೂ ಇಟ್ಟಿಗೆಯನ್ನೇ ತೋರಿಸೀತು. ಆಗ ಮತ್ತೆ ಮೊಟ್ಟೆ, ಮತ್ತೆ ಮೂರು ದಿನ. ಸೂಕ್ಷ್ಮದರ್ಶಕ ಇಲ್ಲದ ಕಡೆ ಅಗಾರ್ ತಟ್ಟೆಯ ಪರೀಕ್ಷೆ ಇತ್ತು: ಒಂದು ಕುಳಿಯಲ್ಲಿ ಅರೆದ ಹಕ್ಕಳೆ, ಎದುರು ಕುಳಿಯಲ್ಲಿ ಲಸಿಕೆ ಹಾಕಿದ ಮೊಲದ ರಕ್ತದ್ರವ, ಎರಡೂ ಹರಿದು ಕೂಡುವಲ್ಲಿ ಬಿಳಿಗೆರೆ ಮೂಡಿದರೆ ಅದು ಸಿಡುಬಿನ ಜಾತಿ.

1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಆಯೋಗ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು. ಅದಕ್ಕೆ ಆಧಾರವಾದ ಕಾಗದದ ರಾಶಿಯಲ್ಲಿ ಮನೆಮನೆ ಹುಡುಕಾಟದ ಲೆಕ್ಕ ಇತ್ತು, ಚಿಕ್ಕ ಮಕ್ಕಳ ಮುಖದಲ್ಲಿ ಹೊಸ ಕುಳಿ ಇಲ್ಲವೆಂಬ ತಪಾಸಣೆ ಇತ್ತು, ಜೊತೆಗೆ ಸಿಡುಬಲ್ಲ ಎಂದು ಬರೆದ ಪ್ರಯೋಗಾಲಯದ ಚೀಟಿಗಳೂ ಇದ್ದವು. ಈ ಚರಿತ್ರೆಯಲ್ಲಿ ಹೆಚ್ಚು ತೂಕದ ಚೀಟಿಗಳು ಅವೇ ಎಂದು ನನ್ನ ಎಣಿಕೆ. ಜಗತ್ತಿನಲ್ಲಿ ಸಹಜವಾಗಿ ಸಿಡುಬು ಬಂದ ಕೊನೆಯ ವ್ಯಕ್ತಿ ಸೊಮಾಲಿಯಾದ ಒಬ್ಬ ಆಸ್ಪತ್ರೆ ಅಡುಗೆಯವನು, ಅದೇ ವರ್ಷದ ಅಕ್ಟೋಬರಿನಲ್ಲಿ. ಅವನಿಗೆ ಮೊದಲು ಮಲೇರಿಯಾ ಎಂದರು, ಆಮೇಲೆ ಸೀತಾಳೆ ಎಂದರು. ಕಣ್ಣುಗಳೂ ತಪ್ಪುತ್ತಿದ್ದವು.

ಪ್ರಯೋಗಾಲಯವನ್ನು ದೇವರ ಜಾಗದಲ್ಲಿ ಕೂಡಿಸುವ ಹಾಗೂ ಇಲ್ಲ. ನೆದರ್ಲೆಂಡಿನ ಒಂದು ಲ್ಯಾಬಿನಲ್ಲಿ 1964ರಲ್ಲಿ ಮಂಗಗಳ ಮೂತ್ರಪಿಂಡದ ಜೀವಕೋಶದಿಂದ ಸಿಡುಬನ್ನೇ ಹೋಲುವ ವೈರಾಣು ಸಿಕ್ಕಿತು. ಹಾಗಾದರೆ ಸಿಡುಬು ಪ್ರಾಣಿಗಳಲ್ಲಿ ಅಡಗಿದೆಯೇ? ನಿರ್ಮೂಲನೆಯ ಲೆಕ್ಕವೇ ಬುಡಮೇಲಾಗುವಂಥ ಪ್ರಶ್ನೆ ವರ್ಷಗಟ್ಟಲೆ ಕಾಡಿತು. 1982ರಲ್ಲಿ ಕೂಲಂಕಷವಾಗಿ ಹೋಲಿಸಿದಾಗ ಗುಟ್ಟು ಹೊರಬಿತ್ತು. ಅದೇ ಲ್ಯಾಬಿನಲ್ಲಿ ಆ ಹೊತ್ತಿಗೆ ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರಿನಿಂದ ಹೋಗಿದ್ದ ಸಿಡುಬಿನ ಮಾದರಿಯನ್ನೂ ಪರೀಕ್ಷಿಸುತ್ತಿದ್ದರು, ಅದೇ ಮಂಗದ ಜೀವಕೋಶಕ್ಕೆ ಬೆರೆತಿತ್ತು.

ಈಗ ಸಿಡುಬಿನ ವೈರಾಣು ಅಧಿಕೃತವಾಗಿ ಉಳಿದಿರುವುದು ಅಟ್ಲಾಂಟಾದಲ್ಲಿ ಮತ್ತು ಸೈಬೀರಿಯಾದ ಕೊಲ್ತ್ಸೊವೊದಲ್ಲಿ. 1967ರಲ್ಲಿ ಭಾರತದ ರೋಗಿಯಿಂದ ತೆಗೆದ ತಳಿಯೊಂದರ ಸುಮಾರು 1,86,000 ಅಕ್ಷರಗಳ ಅನುವಂಶಿಕ ಲಿಪಿಯನ್ನು ರಷ್ಯದ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲಿ ಓದಿ ಮುಗಿಸಿದರು. ಇಂಥ ಲಿಪಿಗಳ ಬಲದಿಂದ ಇಂದಿನ ಪಿಸಿಆರ್ ಪರೀಕ್ಷೆಗಳು ಮೊಟ್ಟೆ, ಮೊಲ ಯಾವುದೂ ಇಲ್ಲದೆ ಕೆಲವೇ ಗಂಟೆಗಳಲ್ಲಿ ಸಿಡುಬು ಕುಲದ ಒಂದೊಂದು ವೈರಾಣುವನ್ನೂ ಬೇರ್ಪಡಿಸುತ್ತವೆ. 2022ರ ಜುಲೈನಲ್ಲಿ ಕೇರಳದ ಕೊಲ್ಲಂನಲ್ಲಿ ದೇಶದ ಮೊದಲ ಮಂಕಿಪಾಕ್ಸ್ ಪ್ರಕರಣ ಕಂಡಾಗ ಮಾದರಿ ಹೋದದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ.

ಅದೇ ಪುಣೆಯ ಸಂಸ್ಥೆಗೆ 2009ರಲ್ಲಿ ಬೆಳಗಾವಿಯ ನೆರೆಯ ಕೊಲ್ಲಾಪುರದಿಂದಲೂ ಸೊಲ್ಲಾಪುರದಿಂದಲೂ ಬೇರೆ ಬಗೆಯ ಗುಳ್ಳೆಗಳು ಹೋಗಿದ್ದವು. ಎಮ್ಮೆಯ ಕೆಚ್ಚಲಿನ ಮೇಲೆ ಎದ್ದವು, ಹಾಲು ಹಿಂಡುವವರ ಬೆರಳು, ಅಂಗೈ, ಮುಂಗೈಗೆ ಹತ್ತಿದವು. ಸೂಕ್ಷ್ಮದರ್ಶಕದಲ್ಲಿ ಅದೇ ಇಟ್ಟಿಗೆ. ಪರೀಕ್ಷೆ ಕೊಟ್ಟ ಹೆಸರು ಎಮ್ಮೆ ಸಿಡುಬು. ಸಿಡುಬಿನ ಲಸಿಕೆಯ ವೈರಾಣುವಿಗೆ ಇದು ಎಷ್ಟು ಹತ್ತಿರದ ಸಂಬಂಧಿ ಎಂದರೆ, ಲಸಿಕೆ ಹಾಕಿದ ತೋಳಿನಿಂದಲೋ ಲಸಿಕೆ ಬೆಳೆಸಿದ ಕರುವಿನಿಂದಲೋ ಹಿಂದೆ ಯಾವಾಗಲೋ ದನದ ಕೊಟ್ಟಿಗೆ ಸೇರಿ ಅಲ್ಲೇ ನೆಲೆಸಿದ ಲಸಿಕೆಯೇ ಇದು ಎಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಲಾಹೋರಿನಲ್ಲಿ 1934ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದರು. ಮನುಷ್ಯರಿಗೆ ಇದರಿಂದ ಜೀವಕ್ಕೆ ಅಪಾಯವಿಲ್ಲ, ಕೆಲವು ದಿನ ಜ್ವರ, ಕೈ ನೋವು. ಎಮ್ಮೆಗೆ ಕೆಚ್ಚಲು ಬಾವು ಬಂದು ಹಾಲು ಇಳಿಯುತ್ತದೆ. ಬರಿಗಣ್ಣಿಗೆ ಕೆಚ್ಚಲಿನ ಇತರ ಗುಳ್ಳೆಗಳಿಗೂ ಇದಕ್ಕೂ ಅಂತರ ತಿಳಿಯುವುದು ಕಷ್ಟ. ಹಾಗಾಗಿ ದನದ ಡಾಕ್ಟರು ಈಗಲೂ ಮೊದಲು ಮಾಡುವ ಕೆಲಸ ಹಕ್ಕಳೆ ಬಿಡಿಸಿ ಸೀಸೆಗೆ ಹಾಕುವುದು, ಆಮೇಲೆ ಆ ಎಮ್ಮೆಯನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಿ, ಕೈ ಸೋಪು ಹಚ್ಚಿ ತೊಳೆದುಕೊಳ್ಳಿ ಎಂದು ಮನೆಯವರಿಗೆ ಹೇಳುವುದು.